ನಾಲ್ಕಡಿ-ಎರಡಡಿ ಹಲಗೆಗೆ ಕಾಟೊ ಯೂನಿಟ್ರ್ಯಾಕ್: ಹಳಿಗೆ ಪೂರ್ಣ ಅಂಕ, ಪಾಯಿಂಟ್‌ಗೆ ಷರತ್ತು

ಜಪಾನಿನ ಕಾಟೊ ಕಂಪನಿಯ ಎನ್ ಗೇಜ್ (ಹಳಿಗಳ ನಡುವೆ 9 ಮಿ.ಮೀ. ಇರುವ ಪುಟ್ಟ ಮಾದರಿ ರೈಲು) ಯೂನಿಟ್ರ್ಯಾಕ್ ಹಳಿಯನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಅದೇ ಸಾಲಿನ ನಂಬರ್ 4 ಪಾಯಿಂಟನ್ನು (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲು ತುಂಡು) ಮಾತ್ರ ಕಣ್ಣು ತೆರೆದು, ಕೈಯಲ್ಲೊಂದು ಭೂತಗನ್ನಡಿ ಹಿಡಿದೇ ಕೊಳ್ಳಬೇಕು. ಚಿಕ್ಕ ಹಲಗೆಯ ತೊಂದರೆ ಏನೆಂದರೆ ಅಲ್ಲಿ ಹಿಡಿಸುವುದು ಆ ನಂಬರ್ 4 ಒಂದೇ. ಹಾಗಾಗಿ ಯೂನಿಟ್ರ್ಯಾಕ್ ಬಗ್ಗೆ ಬರೆಯುವುದೆಂದರೆ ಅದರಿಂದ ಎಂಥ ಪ್ಲಾನ್ ಹೊರಡುತ್ತದೆ, ಎಂಥದ್ದು ಹೊರಡುವುದಿಲ್ಲ ಎಂದು ಲೆಕ್ಕಹಾಕುವುದೇ ಆಗಿದೆ. ಇಲ್ಲಿ ಲೆಕ್ಕಕ್ಕೆ ಇಟ್ಟುಕೊಂಡಿರುವುದು 4 ಅಡಿ ಉದ್ದ, 2 ಅಡಿ ಅಗಲದ ಹಲಗೆ, ಅಂದರೆ 1219 × 610 ಮಿ.ಮೀ. 8 × 4 ಅಡಿಯ ಒಂದು ಪ್ಲೈವುಡ್ ಶೀಟಿನಲ್ಲಿ ಇಂಥವು ನಾಲ್ಕು ಬರುತ್ತವೆ. ಬಾಡಿಗೆ ಮನೆಯ ಮಂಚದಡಿ ತಳ್ಳಿಡಲು ಇದಕ್ಕಿಂತ ದೊಡ್ಡದು ಕಷ್ಟವೇ.

ಮೊದಲು ಹಳಿಯ ವಿಚಾರ. ಗೇಜ್ 9 ಮಿ.ಮೀ. ಹಳಿ ನಿಕಲ್ ಸಿಲ್ವರ್, ಅದರಡಿ ಜಲ್ಲಿಯಂತೆ ಅಚ್ಚೊತ್ತಿದ 25 ಮಿ.ಮೀ. ಅಗಲದ ಪ್ಲಾಸ್ಟಿಕ್ ತಳ. ತುದಿಯಲ್ಲಿ ಯೂನಿಜಾಯ್ನರ್ ಎಂಬ ಪ್ಲಾಸ್ಟಿಕ್ ಗೂಡು, ಅದರೊಳಗೆ ಲೋಹದ ಕೊಂಡಿ. ಎರಡು ತುಂಡು ಎದುರುಬದುರು ಹಿಡಿದು ಒತ್ತಿದರೆ 'ಟಕ್' ಎಂದು ಕೂರುತ್ತವೆ, ಬಿಡಿಸಿ ಮತ್ತೆ ಜೋಡಿಸಿದರೂ ಸಡಿಲವಾಗುವುದು ನಿಧಾನ. ಕೊಂಡಿ ಸಡಿಲವಾದರೆ ಅದೊಂದನ್ನೇ ಬದಲಿಸಬಹುದು, ಇಡೀ ತುಂಡು ಎಸೆಯಬೇಕಿಲ್ಲ. ಅಳತೆಯಲ್ಲಿ ಒಂದು ತಮಾಷೆ ಇದೆ. ಜಪಾನಿನ 1067 ಮಿ.ಮೀ. ಗೇಜನ್ನು 1:150ಕ್ಕೆ ಇಳಿಸಿದರೆ ಸುಮಾರು 7 ಮಿ.ಮೀ. ಬರುತ್ತದೆ, ನಮ್ಮ ಬ್ರಾಡ್ ಗೇಜಿನ 1676 ಮಿ.ಮೀ.ಯನ್ನು 1:160ಕ್ಕೆ ಇಳಿಸಿದರೆ ಹತ್ತೂವರೆ ಹತ್ತಿರ ಬರುತ್ತದೆ. 9 ಮಿ.ಮೀ. ಅವರಿಗೆ ಅಗಲ, ನಮಗೆ ಕಿರಿದು. ಮಾದರಿಯ ಮೇಲೆ ನಮ್ಮ ಬಣ್ಣ ಬಳಿಯುವವರು ಇದನ್ನು ನೋಡಿಯೂ ನೋಡದಂತೆ ಇರುವುದು ಒಳ್ಳೆಯದು.

ಪ್ಲಾನ್ ಹಾಕುವವರು ಬಾಯಿಪಾಠ ಮಾಡಬೇಕಾದದ್ದು ಎರಡೇ ಸಂಖ್ಯೆ: 62 ಮತ್ತು 33. ನೇರ ಹಳಿಯ ಮುಖ್ಯ ಉದ್ದಗಳು 62, 124, 186, 248. ಎಲ್ಲವೂ 62ರ ಮಗ್ಗಿ. ಕರ್ವ್‌ಗಳು 216, 249, 282, 315, 348 ಮಿ.ಮೀ. ತ್ರಿಜ್ಯದವು, ಒಂದಕ್ಕೊಂದು 33ರ ಅಂತರ. ಯಾಕೆಂದರೆ ಜೋಡಿ ಹಳಿಗಳ ನಡು-ನಡುವಿನ ಅಂತರವನ್ನು ಕಾಟೊ 33 ಎಂದು ಇಟ್ಟುಕೊಂಡಿದೆ. ನಂಬರ್ 4 ಪಾಯಿಂಟ್ 126 ಮಿ.ಮೀ. ಉದ್ದ, ಕವಲು 481 ತ್ರಿಜ್ಯದಲ್ಲಿ 15 ಡಿಗ್ರಿ ತಿರುಗುತ್ತದೆ. ಆ 15 ಡಿಗ್ರಿಯಲ್ಲಿ ಹಳಿ 16.4 ಮಿ.ಮೀ. ಬದಿಗೆ ಸರಿಯುತ್ತದೆ. ಅದಕ್ಕೆ 481-15ರ (481 ತ್ರಿಜ್ಯ, 15 ಡಿಗ್ರಿ) ಒಂದು ತುಂಡನ್ನು ತಿರುವುಹಾಕಿ ಜೋಡಿಸಿದರೆ ಇನ್ನೊಂದು 16.4. ಒಟ್ಟು 33ಕ್ಕೆ ಕೂದಲೆಳೆಯಷ್ಟು ಕಡಿಮೆ, ಹಳಿ ಮತ್ತೆ ಸಮಾಂತರ. ನಂಬರ್ 6 ಪಾಯಿಂಟ್ 186 ಉದ್ದ, 718 ತ್ರಿಜ್ಯ, ಅದೇ 15 ಡಿಗ್ರಿ. ಅದರ ಜೋಡಿ ಅಂತರ 49.5ಕ್ಕೆ ಬಂದು ನಿಲ್ಲುತ್ತದೆ, ಅಂದರೆ 33ರ ಒಂದೂವರೆ ಪಟ್ಟು. ಎರಡು ನಂಬರ್ 4ರ ಕವಲುಗಳ ನಡುವೆ 64 ಮಿ.ಮೀ.ಯ ನೇರ ತುಂಡು ಹಾಕಿದರೂ ಹೆಚ್ಚುಕಡಿಮೆ ಅದೇ 49.5 ಸಿಗುತ್ತದೆ. ಇಷ್ಟು ಗೊತ್ತಿದ್ದರೆ ಕ್ಯಾಟಲಾಗಿನ ಅರ್ಧ ಅರ್ಥವಾದಂತೆ.

ಈಗ ಹಲಗೆ. 282ರ ಕರ್ವ್ ಹಾಕಿದರೆ ಹಳಿಯ ಹೊರ ಅಂಚಿನಿಂದ ಹೊರ ಅಂಚಿಗೆ 589 ಮಿ.ಮೀ. ಬೇಕು. 610ರಲ್ಲಿ ಅಕ್ಕಪಕ್ಕ ಉಳಿಯುವುದು ತಲಾ 10. ಹಳಿ ತಪ್ಪಿದ ಮೊದಲ ಬೋಗಿಯೇ ನೆಲಕ್ಕೆ. 249 ಹಾಕಿದರೆ 523 ಮಿ.ಮೀ., ಅಂಚಿಗೆ ತಲಾ 43 ಉಳಿಯುತ್ತದೆ. ಆದ್ದರಿಂದ ಎರಡಡಿ ಅಗಲಕ್ಕೆ ಮುಖ್ಯ ಹಳಿ 249, ಒಳಗಿನದು 216. ಇದರ ಬೆಲೆಯನ್ನು ಗಾಡಿ ಆರಿಸುವಾಗ ತೆರಬೇಕಾಗುತ್ತದೆ: ಅಮೆರಿಕದ ಉದ್ದ ಪ್ಯಾಸೆಂಜರ್ ಬೋಗಿಗಳಿಗೆ ಸಾಮಾನ್ಯವಾಗಿ 282ಕ್ಕಿಂತ ಕಡಿಮೆ ಬೇಡ ಎನ್ನುತ್ತಾರೆ. ಕೊಳ್ಳುವ ಮುಂಚೆ ಕನಿಷ್ಠ ತ್ರಿಜ್ಯ ಎಷ್ಟು ಎಂದು ನೋಡಿ. ನಾಲ್ಕು ಚಕ್ರದ ಗೂಡ್ಸ್ ವ್ಯಾಗನ್, ಚಿಕ್ಕ ಡೀಸೆಲ್, ಒಂದೆರಡು ಬೋಗಿಯ ರೈಲ್‌ಕಾರ್ ಇವೆಲ್ಲ 216ರಲ್ಲೂ ಸಲೀಸು.

ಚಿಕ್ಕ ಹಲಗೆಯ ಪ್ಲಾನ್‌ಗಳು ಕೆಡುವುದು ಬಹುಪಾಲು ಒಂದೇ ಜಾಗದಲ್ಲಿ, ಲೂಪ್ ಲೈನಿನಲ್ಲಿ (ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಹಳಿ). ನಿಲ್ದಾಣವೆಂದರೆ ಎರಡು ರೈಲು ಅಕ್ಕಪಕ್ಕ ನಿಲ್ಲಬೇಕು ಎಂಬ ಆಸೆ ಸಹಜ. ಅಂಡಾಕಾರದ ಒಂದು ಉದ್ದ ಬದಿಯಲ್ಲಿ ಎರಡು ಪಾಯಿಂಟ್ ಹಾಕಿ ಲೂಪ್ ಎಂದು ಬರೆದುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ನಾಲ್ಕಡಿಯಲ್ಲಿ ಎರಡು ತುದಿಯ ಕರ್ವ್ ಕಳೆದರೆ ನೇರ ಉಳಿಯುವುದು 620 ಮಿ.ಮೀ. ಆಸುಪಾಸು. ನಂಬರ್ 4ರ ಮೊನೆಯಿಂದ (ಕವಲೊಡೆಯುವ ಮುಂಚಿನ ಒಂಟಿ ಹಳಿಯ ತುದಿಯಿಂದ) ಕವಲು ಸಮಾಂತರವಾಗುವವರೆಗೆ ಒಂದೊಂದು ಕಡೆ 249 ಬೇಕು. ಎರಡೂ ಕಡೆ ಸೇರಿ 498 ಹೋಯಿತು. ಮಿಕ್ಕದ್ದು ಒಂದು ಗೇಣೂ ಇಲ್ಲ. ಫೌಲಿಂಗ್ ಮಾರ್ಕ್ ಹಿಡಿದು ಲೆಕ್ಕ ಹಾಕಿದರೂ (ಪಕ್ಕದ ಹಳಿಯ ಗಾಡಿಗೆ ತಾಗದಂತೆ ನಿಲ್ಲಬಹುದಾದ ಗಡಿ ಅದು; ಎರಡು ಹಳಿಯ ನಡು-ನಡುವೆ 26 ಮಿ.ಮೀ. ಸಿಗುವ ಜಾಗ ಮೊನೆಯಿಂದ ಸುಮಾರು 168 ದೂರದಲ್ಲಿದೆ) ನಿಜಕ್ಕೂ ಗಾಡಿ ನಿಲ್ಲಿಸಲು ಸಿಗುವುದು 284. 20 ಮೀಟರ್ ಬೋಗಿ 1:150ರಲ್ಲಿ 133 ಮಿ.ಮೀ. ಎಂಜಿನ್ ಸೇರಿಸಿದರೆ ಒಂದು ಬೋಗಿಯ ರೈಲು! ನಂಬರ್ 6 ಹಾಕೋಣವೆಂದರೆ ಎರಡು ತುದಿಗೇ 744 ಮಿ.ಮೀ. ತಿನ್ನುತ್ತದೆ, ಹಲಗೆ ಒಂದು ಮೀಟರ್ 35 ಸೆಂಟಿಮೀಟರ್ ಆದರೂ ಸಮಾಂತರ ಭಾಗ ಶೂನ್ಯ. ಇಷ್ಟು ಸಾಲದ್ದಕ್ಕೆ ಅದರ 49.5 ಅಂತರಕ್ಕೆ ಹೊಂದುವ ಒಳ ಕರ್ವ್ ಇರಬೇಕಾದದ್ದು 199.5. ಆ ತುಂಡು ಈ ಸಾಲಿನಲ್ಲಿ ಇಲ್ಲ.

ಪರಿಹಾರ ಸುಲಭ: ಲೂಪನ್ನು ನೇರ ಬದಿಯಲ್ಲಿ ಕೂಡಿಸಬೇಡಿ, ತುದಿಯ ಕರ್ವ್ ಸುತ್ತಿ ಬರಲಿ. ಒಂದು ಉದ್ದ ಬದಿಯಲ್ಲಿ ಒಳಕ್ಕೆ ಕವಲೊಡೆದ ಹಳಿ 216ರ ಅರ್ಧ ವೃತ್ತ ಸುತ್ತಿ ಇನ್ನೊಂದು ಉದ್ದ ಬದಿಯಲ್ಲಿ ಮುಖ್ಯ ಹಳಿಗೆ ಸೇರಲಿ. ಹೊರಗೆ 249, ಒಳಗೆ 216, ಅಂತರ ಅದೇ 33. ಪಾಯಿಂಟ್‌ಗಳು ಎದುರುಬದುರು ಬದಿಗಳಿಗೆ ಹೋಗುವುದರಿಂದ ಒಂದರ ಜಾಗವನ್ನು ಇನ್ನೊಂದು ತಿನ್ನುವುದಿಲ್ಲ.

ತುಂಡು ಜೋಡಣೆ ಹೀಗಿದೆ. ಹಲಗೆಯನ್ನು ಉದ್ದಕ್ಕೆ ಮುಂದಿಟ್ಟುಕೊಂಡು ಎಡತುದಿಯಿಂದ ಶುರುಮಾಡಿ. ನಿಮ್ಮ ಹತ್ತಿರದ ಬದಿಯ ಮುಖ್ಯ ಹಳಿಯಲ್ಲಿ, ಎಡ ಕರ್ವ್ ಮುಗಿದೊಡನೆ 62ರ ಒಂದು ನೇರ ತುಂಡು, ಆಮೇಲೆ ನಂಬರ್ 4ರ ಎಡ ಪಾಯಿಂಟ್ ಮೊನೆ ಎಡಕ್ಕೆ ಮಾಡಿ, ನಂತರ 248, 186. ಒಟ್ಟು 622. ಆಚೆ ಬದಿಯಲ್ಲೂ ಇದೇ ಸಾಲು, ಪಾಯಿಂಟ್ ಮಾತ್ರ ಬಲದ್ದು. ಎರಡು ತುದಿಗೆ 249-45ರ ನಾಲ್ಕು ನಾಲ್ಕು ಕರ್ವ್. ಒಳ ಹಳಿಗೆ ಆಚೆ ಬದಿಯ ಕವಲಿನಿಂದ 481-15 ಒಂದು, 248 ಒಂದು, 62 ಒಂದು, ಅಲ್ಲಿಂದ 216-45ರ ನಾಲ್ಕು ಕರ್ವ್. ಹತ್ತಿರದ ಬದಿಯ ಕವಲಿನಿಂದ 481-15 ಒಂದು, ಅದರ ಮುಂದೆ ಇನ್ನೊಂದು ಬಲ ಪಾಯಿಂಟ್ ಮೊನೆ ಬಲಕ್ಕೆ ಮಾಡಿ, ಆಮೇಲೆ 186. ಈ ಮೂರನೇ ಪಾಯಿಂಟಿನ ಕವಲು ಎಡಕ್ಕೆ, ಹಲಗೆಯ ನಡುವಿನತ್ತ ಹೊರಳುತ್ತದೆ. ಅದಕ್ಕೊಂದು 481-15, ಒಂದು 186, ಕೊನೆಗೆ ಬಫರ್ (ಗಾಡಿ ಮುಂದೆ ಹೋಗದಂತೆ ತಡೆಯುವ ಅಡ್ಡಗಟ್ಟೆ) ಇರುವ ತುಂಡು. ಅದು ಗೂಡ್ಸ್ ಸೈಡಿಂಗ್. 65 ಮಿ.ಮೀ. ಉದ್ದದ ನಾಲ್ಕು ವ್ಯಾಗನ್ ಅಲ್ಲಿ ನಿಲ್ಲುತ್ತವೆ.

ಒಳ ಹಳಿಯ ಮೊತ್ತ ಒಂದು ಕಡೆ 621, ಇನ್ನೊಂದು ಕಡೆ 623 ಬರುತ್ತದೆ. ಹೊರಗಿನದು 622. ಈ ಒಂದು ಮಿ.ಮೀ. ಆಚೀಚೆಯನ್ನು ಯೂನಿಜಾಯ್ನರ್ ನುಂಗಿಕೊಳ್ಳುತ್ತದೆ, ಮೂರು ಮಿ.ಮೀ. ಆದರೆ ನುಂಗುವುದಿಲ್ಲ, ಆಗ ಎಲ್ಲೋ ತುಂಡು ತಪ್ಪಾಗಿದೆ ಎಂದೇ ಅರ್ಥ. ಕರ್ವಿಗೂ ಪಾಯಿಂಟಿನ ಮೊನೆಗೂ ನಡುವೆ ಇರುವ 62ರ ತುಂಡನ್ನು ಜಾಗ ಉಳಿಸಲು ಕಿತ್ತುಹಾಕುವ ಮನಸ್ಸಾಗುತ್ತದೆ. ಬೇಡ. ಬಿಗಿ ಕರ್ವಿನಿಂದ ಹೊರಬರುವ ಎಂಜಿನ್ನಿನ ಮುಂದಿನ ಚಕ್ರ ಹೊರ ಹಳಿಗೆ ಒರಗಿಕೊಂಡೇ ಬರುತ್ತದೆ. ಅದು ನೆಟ್ಟಗಾಗುವ ಮುಂಚೆಯೇ ಪಾಯಿಂಟಿನ ನಾಲಗೆ (ಅತ್ತಿತ್ತ ಸರಿದು ದಾರಿ ಬದಲಿಸುವ ಚೂಪು ಹಳಿ) ಎದುರಾದರೆ ಹತ್ತಿ ಇಳಿಯುವುದು ಖಚಿತ.

ಖರೀದಿಗೆ ಈ ಪ್ಲಾನ್ ಅನುಕೂಲ. ಕಾಟೊ ನೇರ ಮತ್ತು ಕರ್ವ್ ತುಂಡುಗಳು ನಾಲ್ಕರ ಪೊಟ್ಟಣದಲ್ಲಿ ಬರುತ್ತವೆ. 249-45 ಎರಡು ಪೊಟ್ಟಣ. 216-45, 481-15, 248, 186, 62 ಇವು ಒಂದೊಂದೇ ಪೊಟ್ಟಣ ಸಾಕು. ಉಳಿಯುವುದು 248, 62, 481-15ರ ಒಂದೊಂದು ತುಂಡು ಮಾತ್ರ. ಪಾಯಿಂಟ್ ಎಡ ಒಂದು, ಬಲ ಎರಡು. ಬಫರ್ ತುಂಡು ಒಂದು. ಕರೆಂಟಿಗೆ 62 ಮಿ.ಮೀ.ಯ ಫೀಡರ್ ತುಂಡಿನ ಬದಲು ವೈರ್ ಹೊತ್ತ ಯೂನಿಜಾಯ್ನರ್ ತಗೊಳ್ಳಿ, ಉದ್ದದ ಲೆಕ್ಕ ಕೆಡುವುದಿಲ್ಲ.

ಈ 29 ತುಂಡನ್ನು ಕೊಳ್ಳುವ ಮುಂಚೆ ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿ. ಎನಿರೈಲ್ ಉಚಿತವಾಗಿ 50 ತುಂಡುಗಳವರೆಗೆ ಬಿಡುತ್ತದೆ, ಸ್ಕಾರ್ಮ್ 100ರವರೆಗೆ. ಎಕ್ಸ್‌ಟ್ರ್ಯಾಕ್‌ಕ್ಯಾಡ್ ಪೂರ್ತಿ ಉಚಿತ, ಆದರೆ ಕಲಿಯಲು ತಾಳ್ಮೆ ಬೇಕು. ಮೂರರಲ್ಲೂ ಯೂನಿಟ್ರ್ಯಾಕ್ ಪಟ್ಟಿ ಇದೆ. ಹೊಸಬರಿಗೆ ಎನಿರೈಲ್ ಸಾಕು. ಒಂದೇ ಎಚ್ಚರಿಕೆ: ಈ ತಂತ್ರಾಂಶಗಳು ಸಣ್ಣ ಸಂದು ಇದ್ದರೂ ಜೋಡಿಯಾಗಿದೆ ಎಂದು ತೋರಿಸಿಬಿಡುತ್ತವೆ. ಕೊನೆಯ ಜೋಡಣೆಯನ್ನು ದೊಡ್ಡದು ಮಾಡಿ ನೋಡಿ. ಆಮೇಲೆ ನಿಜ ಅಳತೆಯಲ್ಲೇ ಎ4 ಹಾಳೆಗಳಿಗೆ ಪ್ರಿಂಟ್ ತೆಗೆದು ಹಲಗೆಯ ಮೇಲೆ ಅಂಟಿಸಿ, ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಗೆರೆಯ ಮೇಲೆ ಕೈಯಲ್ಲೇ ಎಳೆಯಿರಿ. ಪ್ರಿಂಟರ್ 'ಹಾಳೆಗೆ ಹೊಂದಿಸು' ಎಂಬುದನ್ನು ಆನ್ ಇಟ್ಟಿದ್ದರೆ ಎಲ್ಲವೂ ಶೇಕಡಾ ಮೂರೋ ನಾಲ್ಕೋ ಕುಗ್ಗಿರುತ್ತದೆ, ಅದನ್ನು ಮೊದಲು ಆಫ್ ಮಾಡಿ.

ಈ ಹಲಗೆಯಲ್ಲಿ ಹಿಡಿಸದ್ದನ್ನೂ ಹೇಳಬೇಕು. ಮೇಲ್ಸೇತುವೆ ಬೇಡ. ಒಂದು ಹಳಿಯ ಮೇಲೆ ಇನ್ನೊಂದು ದಾಟಲು 50 ಮಿ.ಮೀ. ಏರಬೇಕು, ಶೇಕಡಾ 4ರ ಏರಿನಲ್ಲೂ ಹತ್ತಲು 1250, ಇಳಿಯಲು 1250. ಇಡೀ ಸುತ್ತಿನ ಉದ್ದವೇ 2.8 ಮೀಟರ್. ಅಂಡಾಕಾರದ ನಡುವೆ ಓರೆಯಾಗಿ ಹಾಯುವ ಅಡ್ಡಹಳಿಯೂ ಬೇಡ. ರೈಲು ಮುಖ ತಿರುಗಿಸಿಕೊಂಡು ಅದೇ ಹಳಿಗೆ ವಾಪಸಾದರೆ ಎಡ ಹಳಿ ಬಲ ಹಳಿಯನ್ನು ಸಂಧಿಸುತ್ತದೆ, ಶಾರ್ಟ್ ಆಗುತ್ತದೆ. ಎರಡು ತುದಿಯಲ್ಲೂ ಎರಡೂ ಹಳಿಗೆ ಇನ್ಸುಲೇಟೆಡ್ ಜಾಯ್ನರ್ ಹಾಕಿ ಬೇರೆ ಸ್ವಿಚ್ ಕೊಟ್ಟರೆ ಕೆಲಸ ಆಗುತ್ತದೆ ನಿಜ, ಆದರೆ ಮೊದಲ ಹಲಗೆಗೆ ಅದು ಇಲ್ಲದ ಉಸಾಬರಿ.

ಸುತ್ತು ಹೊಡೆಯುವ ರೈಲು ಬೇಸರ, ಶಂಟಿಂಗ್ (ವ್ಯಾಗನ್‌ಗಳನ್ನು ಹಿಂದೆಮುಂದೆ ಸರಿಸಿ ಜೋಡಿಸುವುದು) ಇಷ್ಟ ಎನ್ನುವವರಿಗೆ ಇನ್ನೂ ಕಡಿಮೆ ಹಳಿಯಲ್ಲಿ ಇನ್ನೂ ಹೆಚ್ಚು ಆಟವಿದೆ. ಬ್ರಿಟನ್ನಿನ ಆಲನ್ ರೈಟ್ ರೂಪಿಸಿದ ಶಂಟಿಂಗ್ ಒಗಟು ಇಂಗಲ್‌ನುಕ್: ಎರಡು ಪಾಯಿಂಟ್, ಮೂರು ಸೈಡಿಂಗ್, ಅವುಗಳಲ್ಲಿ ಕ್ರಮವಾಗಿ 5, 3, 3 ವ್ಯಾಗನ್‌ಗೆ ಜಾಗ, ಎಂಜಿನ್ ಕಡೆಯ ಡೆಡ್ ಎಂಡ್‌ನಲ್ಲಿ ಎಂಜಿನ್ ಮತ್ತು 3 ವ್ಯಾಗನ್. ಎಂಟು ವ್ಯಾಗನ್ ಇಟ್ಟು, ಚೀಟಿ ಎತ್ತಿ ಬಂದ ಐದನ್ನು ಅದೇ ಕ್ರಮದಲ್ಲಿ ಜೋಡಿಸಬೇಕು. ಕ್ರಮಗಳು 6720. ಯೂನಿಟ್ರ್ಯಾಕ್‌ನಲ್ಲಿ ಲೆಕ್ಕ: ಡೆಡ್ ಎಂಡ್ 290, ಮೊದಲ ಪಾಯಿಂಟ್ 126, ಎರಡನೆಯದರ ಮೊನೆಯಿಂದ ಫೌಲಿಂಗ್ ಮಾರ್ಕಿಗೆ 168, ಐದು ವ್ಯಾಗನ್‌ಗೆ 325. ಬಫರ್ ಸೇರಿ ಸುಮಾರು ಒಂದು ಮೀಟರ್. ನಾಲ್ಕಡಿ ಉದ್ದದ ಗೋಡೆ ಶೆಲ್ಫ್ ಧಾರಾಳವಾಯಿತು. ಅಳತೆ ಇಲ್ಲಿ ಕಟ್ಟುನಿಟ್ಟು: ಡೆಡ್ ಎಂಡ್ ಉದ್ದವಿಟ್ಟು ನಾಲ್ಕು ವ್ಯಾಗನ್ ಹಿಡಿಸುವಂತೆ ಮಾಡಿದರೆ ಒಗಟು ಸಡಿಲವಾಗುತ್ತದೆ.

ಇನ್ನು ಆ ನಂಬರ್ 4. ಒಳ್ಳೆಯ ಗುಣಗಳು ಬೇಕಾದಷ್ಟಿವೆ. ಮೋಟಾರ್ ತಳದೊಳಗೇ ಅಡಗಿದೆ, ಹಲಗೆಗೆ ತೂತು ಕೊರೆಯಬೇಕಿಲ್ಲ. ಎರಡೇ ವೈರ್. 12 ವೋಲ್ಟ್ ಡಿಸಿ ಕ್ಷಣಮಾತ್ರ ಕೊಟ್ಟರೆ ಒಂದು ಕಡೆಗೆ, ಪ್ಲಸ್-ಮೈನಸ್ ಅದಲುಬದಲು ಮಾಡಿ ಕೊಟ್ಟರೆ ಇನ್ನೊಂದು ಕಡೆಗೆ. ಕ್ಷಣಮಾತ್ರ ಎಂಬುದು ಮುಖ್ಯ. ಸಾಧಾರಣ ಆನ್-ಆಫ್ ಸ್ವಿಚ್ ಹಾಕಿ ಕರೆಂಟ್ ಹರಿಯುತ್ತಲೇ ಇದ್ದರೆ ಕಾಯಿಲ್ ಸುಟ್ಟುಹೋಗುತ್ತದೆ. ತಳದಲ್ಲಿ ಪುಟ್ಟ ಸ್ಕ್ರೂಗಳಿವೆ. ಅವನ್ನು ಸ್ಥಳ ಬದಲಿಸಿ ಹಾಕಿದರೆ, ಪಾಯಿಂಟ್ ತಿರುಗಿರುವ ಕಡೆಗೆ ಮಾತ್ರ ಕರೆಂಟ್ ಹೋಗಬೇಕೋ ಎರಡೂ ಕಡೆ ಸದಾ ಇರಬೇಕೋ ಎಂದು ಆರಿಸಬಹುದು. ಮಾಮೂಲಿ ಡಿಸಿಯಲ್ಲಿ ಆಡಿಸುವವರಿಗೆ ಮೊದಲನೆಯದು ವರ: ಸೈಡಿಂಗಿನಲ್ಲಿ ನಿಂತ ಎಂಜಿನ್ ಬೇರೆ ಸ್ವಿಚ್ ಇಲ್ಲದೆ ಅಲ್ಲೇ ನಿಲ್ಲುತ್ತದೆ. ಡಿಸಿಸಿ (ಹಳಿಯ ಮೂಲಕ ಎಂಜಿನ್ನಿಗೆ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿ) ಬಳಸುವವರು ಎರಡನೆಯದನ್ನು ಆರಿಸಿ. ಯಾವುದೇ ಆಗಲಿ, ಹಳಿ ಅಂಟಿಸುವ ಮುಂಚೆಯೇ ಮಾಡಿ ಮುಗಿಸಿ. ಆಮೇಲೆ ತಳ ಕೈಗೆ ಸಿಗುವುದಿಲ್ಲ. ನಂಬರ್ 6ರಲ್ಲಿ ಈ ಆಯ್ಕೆ ಇಲ್ಲ, ತಿರುಗಿದ ಕಡೆಗೆ ಮಾತ್ರ ಕರೆಂಟ್.

ದೋಷ ಇರುವುದು ನಾಲಗೆಯ ತುದಿಯಲ್ಲಿ. ಪಕ್ಕದ ಹಳಿಗೆ ಅದು ಪೂರ್ತಿ ಅಂಟಿ ಕೂರದೆ, ಹಾಳೆ ತೂರುವಷ್ಟು ಸಂದು ಬಿಡುವುದುಂಟು. ಮೊನೆ ಕಡೆಯಿಂದ ಬರುವ ಗಾಡಿಯ ಚಕ್ರದ ತುಟಿ ಆ ಸಂದಿಗೆ ಸಿಕ್ಕಿಕೊಂಡರೆ ಒಂದು ಚಕ್ರ ಒಂದು ದಾರಿ, ಇನ್ನೊಂದು ಇನ್ನೊಂದು ದಾರಿ. ಸ್ಟೀಮ್ ಎಂಜಿನ್ನಿನ ಮುಂದಿನ ಹಗುರ ಪುಟ್ಟ ಚಕ್ರಗಳು ಮತ್ತು ತಳ್ಳಿಸಿಕೊಂಡು ಹೋಗುವ ಖಾಲಿ ವ್ಯಾಗನ್‌ಗಳು ಮೊದಲು ಬಲಿಯಾಗುತ್ತವೆ. ಪೆಟ್ಟಿಗೆ ತೆರೆದಾಗಲೇ ಉಗುರಿನ ಅಂಚನ್ನು ಪಕ್ಕದ ಹಳಿಯ ಒಳಮೈಯಿಂದ ನಾಲಗೆಯತ್ತ ಸವರಿ. ಎಡವಿದರೆ ಅದೇ ಜಾಗ. ವಜ್ರದ ಪುಡಿ ಹಾಕಿದ ಸಣ್ಣ ಸೂಜಿ ಅರದಿಂದ ನಾಲಗೆಯ ತುದಿಯನ್ನು, ಚಕ್ರ ತಾಗುವ ಕಡೆಯಿಂದ, ಕತ್ತಿಯಲಗಿನಂತೆ ತೆಳ್ಳಗೆ ಮಾಡಿ, ಮೇಲಂಚನ್ನೂ ತುಸು ಇಳಿಸಿ. ನಾಲ್ಕೈದು ಸಲ ತೀಡಿ, ಉಗುರಿನಿಂದ ಮತ್ತೆ ನೋಡಿ. ಅಗತ್ಯವಿದ್ದರೆ ಮಾತ್ರ, ನಾಲಗೆ ಒರಗುವ ಜಾಗದಲ್ಲಿ ಪಕ್ಕದ ಹಳಿಗೆ ಕಂಡೂ ಕಾಣದಷ್ಟು ಕಚ್ಚು. ಲೋಹದ ಪುಡಿಯನ್ನು ಬ್ರಷ್‌ನಿಂದ ತೆಗೆಯದೆ ಪಾಯಿಂಟ್ ತಿರುಗಿಸಬೇಡಿ, ಯಂತ್ರದೊಳಕ್ಕೆ ಹೋಗುತ್ತದೆ. ನಂಬರ್ 6ರಲ್ಲಿ ಈ ರಗಳೆ ತೀರಾ ಕಡಿಮೆ. ಜಾಗ ಇರುವವರು ಅದನ್ನೇ ಕೊಳ್ಳುವುದು ಅದಕ್ಕೇ.

ಇನ್ನೊಂದು ತೊಂದರೆ ಎಸ್ ಆಕಾರದ ಹೊರಳಿನದು: ಎರಡು ನಂಬರ್ 4ರ ಕವಲುಗಳನ್ನು ನೇರವಾಗಿ ಬೆನ್ನಿಗೆ ಬೆನ್ನು ಜೋಡಿಸಿದ ಕ್ರಾಸೋವರ್ (ಒಂದು ಹಳಿಯಿಂದ ಪಕ್ಕದ ಸಮಾಂತರ ಹಳಿಗೆ ದಾಟುವ ಜೋಡಣೆ). 481 ಎಡಕ್ಕೆ, ತಕ್ಷಣ 481 ಬಲಕ್ಕೆ. ಎಳೆಯುವಾಗ ಪರವಾಗಿಲ್ಲ, ಉದ್ದ ಬೋಗಿಗಳನ್ನು ಹಿಂದಕ್ಕೆ ತಳ್ಳುವಾಗ ಕಪ್ಲಿಂಗ್ ಓರೆಯಾಗಿ ನೂಕಿ ಬೋಗಿಯನ್ನು ಹಳಿಯಿಂದ ಎತ್ತಿಹಾಕುತ್ತದೆ. ಆಗಲೇ ಹೇಳಿದ 64ರ ತುಂಡು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಪ್ರತಿಸ್ಪರ್ಧಿಯೆಂದರೆ ಟೋಮಿಕ್ಸ್‌ನ ಫೈನ್ ಟ್ರ್ಯಾಕ್. ಅದರ ಅಂತರ 37, ಕರ್ವ್ 243, 280, 317. 280 ತ್ರಿಜ್ಯದಲ್ಲಿ 30 ಡಿಗ್ರಿ ತಿರುಗುವ ಪಾಯಿಂಟ್ ಅವರಲ್ಲಿದೆ, 140 ಮಿ.ಮೀ.ಯಲ್ಲಿ ದೊಡ್ಡ ತಿರುವು. ಬಿಗಿ ಜಾಗದಲ್ಲಿ ಸೈಡಿಂಗ್ ಹರಡಲು ಅದು ಕಾಟೊಗಿಂತ ಮೇಲು. ಜೋಡಣೆಯ ಗಟ್ಟಿತನದಲ್ಲಿ ನಮ್ಮ ಮತ ಯೂನಿಟ್ರ್ಯಾಕ್‌ಗೇ. ಎರಡೂ ನೇರವಾಗಿ ಕೂಡುವುದಿಲ್ಲ, ಬೆರೆಸುವ ಯೋಚನೆ ಮಾಡದಿರುವುದೇ ಲೇಸು.

ಜೋಡಿಸುವಾಗ ಆಗುವ ತಪ್ಪು ಬಹುತೇಕ ಒಂದೇ: ಪ್ಲಾಸ್ಟಿಕ್ 'ಟಕ್' ಎನ್ನುತ್ತದೆ, ಒಳಗೆ ಹಳಿ ಮಾತ್ರ ಲೋಹದ ಕೊಂಡಿಯೊಳಗೆ ಹೋಗದೆ ಅದರ ಮೇಲೆ ಹತ್ತಿ ಕೂತಿರುತ್ತದೆ. ಪ್ರತಿ ಸಂದಿನ ಮೇಲೂ ಬೆರಳು ಆಡಿಸಿ, ಮೆಟ್ಟಿಲು ಸಿಕ್ಕರೆ ಬಿಚ್ಚಿ ಮತ್ತೆ ಹಾಕಿ. ಕರೆಂಟನ್ನು ಎರಡು ಕಡೆ ಕೊಡಿ, ಎರಡೂ ಮುಖ್ಯ ಹಳಿಯ ಎಡ ಕರ್ವಿನ ಕಡೆಗೆ, ಅಂದರೆ ಪಾಯಿಂಟ್ ಮೊನೆಯ ಕಡೆಗೇ ಇರಲಿ. ಹೊಸದರಲ್ಲಿ ಒಂದೇ ಸಾಕೆನಿಸುತ್ತದೆ. ಒಂದು ಮಳೆಗಾಲ ಕಳೆದು ಕೊಂಡಿಗಳು ಮಂಕಾದ ಮೇಲೆ ದೂರದ ತುದಿಯಲ್ಲಿ ಎಂಜಿನ್ ಏದುಸಿರು ಬಿಡುತ್ತದೆ. ಹಳಿ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹತ್ತಿ ಬಟ್ಟೆ ಸಾಕು. ಮರಳು ಕಾಗದ ತಾಗಿಸಲೇಬೇಡಿ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಹಲಗೆಗೆ 12 ಮಿ.ಮೀ. ಪ್ಲೈ, ಅಡಿಯಲ್ಲಿ ಸುತ್ತಲೂ ಪಟ್ಟಿ ಮತ್ತು ನಡುವೆ ಒಂದು ಅಡ್ಡಪಟ್ಟಿ. ಎರಡೂ ಮೈಗೆ ವಾರ್ನಿಶ್, ಇಲ್ಲದಿದ್ದರೆ ತೇವಕ್ಕೆ ಒಂದೇ ಕಡೆ ಬಾಗುತ್ತದೆ.

ನಮ್ಮೂರುಗಳ ಆಟಿಕೆ ಅಂಗಡಿಗಳಲ್ಲಿ ಯೂನಿಟ್ರ್ಯಾಕ್ ಕಾಣುವುದು ಅಪರೂಪ. ಜಪಾನಿನ ಆನ್‌ಲೈನ್ ಅಂಗಡಿಗಳಿಂದ ತರಿಸುವವರು ಕೊರಿಯರ್ ಮತ್ತು ಕಸ್ಟಮ್ಸ್ ಸೇರಿಸಿಯೇ ಬೆಲೆ ಹೋಲಿಸಬೇಕು, ಎಲ್ಲವನ್ನೂ ಒಂದೇ ಸಲ ತರಿಸಬೇಕು. ಮರೆತ ಒಂದು 62ರ ಪೊಟ್ಟಣಕ್ಕೆ ಮತ್ತೊಂದು ಪಾರ್ಸೆಲ್ ಎಂದರೆ ಹಳಿಗಿಂತ ಸಾಗಣೆಯೇ ದುಬಾರಿ. ಪವರ್ ಪ್ಯಾಕ್ ವಿಷಯದಲ್ಲಿ ಇನ್ನೊಂದು ಮಾತು. ಜಪಾನಿನ ಮಾರುಕಟ್ಟೆಯವು 100 ವೋಲ್ಟಿಗೆ ಮಾಡಿದವು ಇರುತ್ತವೆ. ನಮ್ಮ 230 ವೋಲ್ಟ್ ಸಾಕೆಟ್ಟಿಗೆ ಹಾಕಿದರೆ ಹೊಗೆ. ಅಡಾಪ್ಟರಿನ ಹಿಂದೆ 'ಇನ್‌ಪುಟ್' ಎಂಬ ಸಾಲಿನಲ್ಲಿ 100-240 ಎಂದು ಇದ್ದರಷ್ಟೇ ಪ್ಲಗ್ ಹಾಕಿ, ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.